ಬಿಡುಗಡೆಗೆ ಮುಂಚೆ ಆಟಗಾರರ ಮುಂದೆ ಎಷ್ಟು ತೆರೆದಿಡಬೇಕು? ಸಣ್ಣ ಆರ್‌ಪಿಜಿ ತಂಡವೊಂದರ ಪ್ರಶ್ನೆ

ಪಗಡೆಹಾಸು:

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಬೆಂಗಳೂರಿನಲ್ಲಿ ಉದ್ಯೋಗದ ಬಿಡುವಿನ ವೇಳೆಯಲ್ಲಿ ಕಳೆದ ಎರಡೂವರೆ ವರ್ಷದಿಂದ ಒಂದು ಸಣ್ಣ ಆರ್‌ಪಿಜಿ (ಕಥೆಯೊಳಗಿನ ಪಾತ್ರವಾಗಿ ಆಡುವ) ಗೇಮ್ ಮಾಡುತ್ತಿದ್ದೇವೆ. ಒಂದೇ ಕೆರೆಯ ನೀರನ್ನು ನಂಬಿದ ಮೂರು ಊರುಗಳ ಕಥೆ ಅದು. ಸರದಿಯಂತೆ ನಡೆಯುವ ಕಾಳಗ, ಕವಲೊಡೆಯುವ ಸಂಭಾಷಣೆ, ಸುಮಾರು ಎಂಟು ಗಂಟೆಯ ಆಟ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮಾತು. ಬಿಡುಗಡೆಗೆ ಇನ್ನು ಹತ್ತು ತಿಂಗಳಿದೆ. ಪೂರ್ತಿ ಮುಗಿಯುವವರೆಗೆ ಯಾರಿಗೂ ತೋರಿಸಬಾರದೆಂದು ಇಬ್ಬರು ಹೇಳುತ್ತಾರೆ. ಈಗಲೇ ಆಟಗಾರರ ಕೈಗೆ ಕೊಡಬೇಕೆಂದು ಇನ್ನಿಬ್ಬರು ಹೇಳುತ್ತೇವೆ. ಆ ಇಬ್ಬರಲ್ಲಿ ನಾನೊಬ್ಬ.

ನನ್ನ ವಾದಕ್ಕೆ ಆಧಾರ ಬಾಲ್ಡರ್ಸ್ ಗೇಟ್ 3 ಎಂಬ ಆರ್‌ಪಿಜಿ ಗೇಮ್. ಬೆಲ್ಜಿಯಮ್ಮಿನ ಘೆಂಟ್ ನಗರದ ಲೇರಿಯನ್ ಸ್ಟುಡಿಯೋಸ್ ಅದನ್ನು 2019ರ ಜೂನ್‌ನಲ್ಲಿ ಘೋಷಿಸಿತು, 2020ರ ಅಕ್ಟೋಬರ್ 6ರಂದು ಅರ್ಲಿ ಆಕ್ಸೆಸ್ ರೂಪದಲ್ಲಿ, ಅಂದರೆ ಪೂರ್ತಿ ಮುಗಿಯುವ ಮೊದಲೇ, ಮಾರಾಟಕ್ಕಿಟ್ಟಿತು, 2023ರ ಆಗಸ್ಟ್ 3ರಂದು ಪಿಸಿಯಲ್ಲಿ ಪೂರ್ಣವಾಗಿ ಬಿಡುಗಡೆ ಮಾಡಿತು. ನಡುವಿನ ಸುಮಾರು ಎರಡು ವರ್ಷ ಹತ್ತು ತಿಂಗಳು ಆಟದ ಮೊದಲ ಅಂಕವೊಂದೇ ಜನರ ಕೈಯಲ್ಲಿತ್ತು. ಇದಕ್ಕೂ ಮುಂಚೆ ಡಿವಿನಿಟಿ: ಒರಿಜಿನಲ್ ಸಿನ್ ಗೇಮ್‌ಗಾಗಿ 2013ರಲ್ಲಿ, ಅದರ ಎರಡನೆಯ ಭಾಗಕ್ಕಾಗಿ 2015ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಜನರಿಂದ ಹಣ ಸಂಗ್ರಹಿಸಿ, ಎರಡನ್ನೂ ಅರ್ಲಿ ಆಕ್ಸೆಸ್ ದಾಟಿಸಿಯೇ ಬಿಡುಗಡೆ ಮಾಡಿದ್ದ ತಂಡ ಅದು.

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಒಂದು ಸಣ್ಣ ಸಂಗತಿ. 2020ರ ಫೆಬ್ರವರಿಯಲ್ಲಿ ಬಾಸ್ಟನ್ನಿನ ಪ್ಯಾಕ್ಸ್ ಈಸ್ಟ್ ಮೇಳದಲ್ಲಿ ಲೇರಿಯನ್ ಮುಖ್ಯಸ್ಥ ಸ್ವೆನ್ ವಿಂಕೆ ಅವರು ಆಟವನ್ನು ಮೊದಲ ಬಾರಿಗೆ ಆಡಿ ತೋರಿಸಿದಾಗ, ಸಂಭಾಷಣೆಯ ಆಯ್ಕೆಗಳೆಲ್ಲ ಭೂತಕಾಲದ ನಿರೂಪಣೆಯಲ್ಲಿದ್ದವು. ಅಂದರೆ ತೆರೆಯ ಮೇಲೆ "ನೀನು ಯಾರು?" ಎಂಬ ಮಾತಿನ ಬದಲು "ಅವನು ಯಾರೆಂದು ಕೇಳಿದೆ" ಎಂಬಂಥ ಸಾಲು ಬರುತ್ತಿತ್ತು. ಕಥೆ ಈಗ ನಡೆಯುತ್ತಿಲ್ಲ, ಯಾರೋ ಆಗಲೇ ಮುಗಿಸಿದ ಕಥೆಯನ್ನು ನಮಗೆ ಓದಿ ಹೇಳುತ್ತಿದ್ದಾರೆ ಎಂಬ ಭಾವ ಬರುತ್ತದೆಂದು ಅಭಿಮಾನಿಗಳು ಆಕ್ಷೇಪಿಸಿದರು. ಅಕ್ಟೋಬರ್‌ನಲ್ಲಿ ಆಟ ಕೈಗೆ ಬರುವಷ್ಟರಲ್ಲಿ ಆ ಬರವಣಿಗೆಯೇ ಬದಲಾಗಿತ್ತು. ಇನ್ನೂ ಬದಲಾಯಿಸಲು ಸಾಧ್ಯವಿರುವಾಗ ತೋರಿಸಿದ್ದರಿಂದಲೇ ಅದು ಆಯಿತು. ಮುಗಿದ ಮೇಲೆ ತೋರಿಸಿದರೆ ಜನರ ಅಭಿಪ್ರಾಯ ನಮಗೆ ಸಿಗುತ್ತದೆ, ಆದರೆ ಅದನ್ನಿಟ್ಟುಕೊಂಡು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನಾಲ್ಕೇ ಜನರ ತಂಡಕ್ಕೆ ಈ ದಾರಿ ಎಷ್ಟರ ಮಟ್ಟಿಗೆ ಹೊಂದುತ್ತದೆ? ಆಡಿದವರು, ಹಣ ಕೊಟ್ಟವರು, ಈ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

ಕುದುರೆಮುಖ:

ಪಗಡೆಹಾಸು ಅವರೇ, ನಾನು ಆ ಆಟವನ್ನು ಅರ್ಲಿ ಆಕ್ಸೆಸ್‌ನ ಮೊದಲ ವಾರದಿಂದ ಆಡಿದವನು. ಪೂರ್ತಿ ಬೆಲೆ ಕೊಟ್ಟೇ ಕೊಂಡಿದ್ದೆ. ಇದು ಮುಗಿಯದ ಆಟ, ದೋಷಗಳಿರುತ್ತವೆ, ನಯವಾದ ಆಟ ಬೇಕಿದ್ದವರು ಕಾಯುವುದು ಒಳ್ಳೆಯದು ಎಂದು ಅವರು ಮಾರುವ ಮೊದಲೇ ಸ್ಪಷ್ಟವಾಗಿ ಹೇಳಿದ್ದರು. ಆದ್ದರಿಂದ ಆಟ ನಡುವೆ ನಿಂತುಹೋದಾಗ ನನಗೆ ಬೇಸರವಾಯಿತೇ ಹೊರತು ಮೋಸಹೋದೆ ಎನಿಸಲಿಲ್ಲ. ದೊಡ್ಡ ಪ್ಯಾಚ್ (ತಿದ್ದುಪಡಿಯ ಕಂತು) ಬಂದಾಗ, ಆಡಿದಷ್ಟನ್ನು ಉಳಿಸಿಟ್ಟ ಹಳೆಯ ಸೇವ್ ಫೈಲ್‌ಗಳು ಕೆಲಸಕ್ಕೆ ಬಾರದೆ ಹೋಗುವುದಿತ್ತು. ಕೊನೆಯ ಬಿಡುಗಡೆಯ ವೇಳೆಗಂತೂ ಅರ್ಲಿ ಆಕ್ಸೆಸ್‌ನ ಸೇವ್‌ಗಳು ಪೂರ್ಣ ಆಟದಲ್ಲಿ ನಡೆಯುವುದಿಲ್ಲ, ಹಳೆಯದನ್ನು ತೆಗೆದುಹಾಕಿ ಹೊಸದಾಗಿ ಹಾಕಿಕೊಳ್ಳಿ ಎಂದು ಮುಂಚಿತವಾಗಿ ತಿಳಿಸಿದರು.

ಆಟಗಾರರ ಮಾತಿನಿಂದ ಕಾಳಗದ ನಿಯಮವೇ ಬದಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಗದ, ದಾಳ ಹಿಡಿದು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಐದನೆಯ ಆವೃತ್ತಿಯ ನಿಯಮಗಳ ಮೇಲೆ ಬಾಲ್ಡರ್ಸ್ ಗೇಟ್ 3 ನಿಂತಿದೆ. ಅಲ್ಲಿ 'ಅಡ್ವಾಂಟೇಜ್' ಎಂಬ ಅನುಕೂಲ ಸಿಕ್ಕರೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಅರ್ಲಿ ಆಕ್ಸೆಸ್‌ನ ಆರಂಭದಲ್ಲಿ ಎತ್ತರದ ಜಾಗದಲ್ಲಿ ನಿಂತವನಿಗೆ ಈ ಅನುಕೂಲ ತಾನಾಗಿ ಸಿಗುತ್ತಿತ್ತು, ಎದುರಾಳಿಯ ಬೆನ್ನ ಹಿಂದೆ ಹೋಗಿ ನಿಂತರೂ ಸಿಗುತ್ತಿತ್ತು. ಚೌಕಾಬಾರ ಆಡಿದವರಿಗೆ ಕವಡೆಯನ್ನು ಎರಡು ಸಲ ಎಸೆದು ಚೆನ್ನಾಗಿ ಬಿದ್ದದ್ದನ್ನೇ ಇಟ್ಟುಕೊಳ್ಳುವುದೆಂದರೆ ಎಂಥ ಲಾಭವೆಂದು ಬಿಡಿಸಿ ಹೇಳಬೇಕಿಲ್ಲ. ಗುರಿ ತಗಲಲು 11 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು ಎಂದುಕೊಳ್ಳಿ: ಒಂದು ದಾಳದಲ್ಲಿ ನೂರಕ್ಕೆ 50ರಷ್ಟು ಸಾಧ್ಯತೆ, ಎರಡು ದಾಳದಲ್ಲಿ 75. ಇದರ ಪರಿಣಾಮವಾಗಿ ಪ್ರತಿಯೊಂದು ಕಾಳಗವೂ ಯಾರು ಮೊದಲು ಏಣಿ ಹತ್ತುತ್ತಾರೆ ಎಂಬ ಪೈಪೋಟಿಯಾಗಿಬಿಟ್ಟಿತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಜೊತೆಗಾರರಿಗೆ ಅಡ್ವಾಂಟೇಜ್ ಕೊಡಿಸಲೆಂದೇ ಇರುವ ಮಂತ್ರಗಳನ್ನು ಯಾರೂ ಮುಟ್ಟದಂತಾಯಿತು. ನಾಲ್ಕು ಹೆಜ್ಜೆ ಹತ್ತಿದರೆ ಸಿಗುವುದಕ್ಕೆ ಮಂತ್ರವನ್ನು ಯಾರು ಖರ್ಚು ಮಾಡುತ್ತಾರೆ?

ಕಾಗದ ಪೆನ್ಸಿಲ್ ಹಿಡಿದು ವರ್ಷಗಟ್ಟಲೆ ಈ ನಿಯಮಗಳಲ್ಲಿ ಆಡಿದ ಅಭಿಮಾನಿಗಳು ಇದನ್ನು ಲೆಕ್ಕಸಮೇತ ತೋರಿಸಿಕೊಟ್ಟರು. ಕೊನೆಗೆ ಎತ್ತರಕ್ಕೆ ಕೇವಲ 2 ಅಂಕದ ಸೇರ್ಪಡೆ ಉಳಿಯಿತು, ಅಂದರೆ ಮೇಲಿನ ಉದಾಹರಣೆಯಲ್ಲಿ 50 ಹೋಗಿ 60 ಆಗುತ್ತದೆ ಅಷ್ಟೆ. ಬೆನ್ನ ಹಿಂದಿನ ಅನುಕೂಲವನ್ನು ತೆಗೆದುಹಾಕಿದರು. ಸಣ್ಣ ಬೆಂಕಿಯ ಮಂತ್ರ ಬಿದ್ದಲ್ಲೆಲ್ಲ ನೆಲವೂ ಹೊತ್ತಿ ಉರಿಯುತ್ತಿದ್ದುದು ನಿಂತಿತು. ಎದುರಾಳಿಯ ಸರದಿಯ ನಡುವೆ ನಾವು ಪ್ರತಿಕ್ರಿಯಿಸಬೇಕೇ ಬೇಡವೇ ಎಂದು ಕೇಳಿ ಮುಂದುವರಿಯುವ ವ್ಯವಸ್ಥೆ 2022ರ ಡಿಸೆಂಬರ್‌ನ ಒಂಬತ್ತನೆಯ ಪ್ಯಾಚ್‌ನಲ್ಲಿ ಬಂತು. ಅದನ್ನು ಆಟಗಾರರು ಎರಡು ವರ್ಷದಿಂದ ಕೇಳುತ್ತಲೇ ಇದ್ದರು.

ನಿಮ್ಮ ಕಾಳಗದ ನಿಯಮಗಳು ಸ್ವಂತದವಾದರೆ ಇಂಥ ಲೆಕ್ಕ ಹಾಕುವ ಅಭಿಮಾನಿಗಳು ನಿಮಗೆ ಇನ್ನೂ ಹೆಚ್ಚು ಅಗತ್ಯ. ನೀವೇ ಮಾಡಿದ ನಿಯಮದಲ್ಲಿರುವ ಸಂದು ನಿಮಗೆ ಕಾಣುವುದಿಲ್ಲ.

ತುಂಗಾತೀರ:

ಕುದುರೆಮುಖ ಅವರು ಹೇಳಿದ್ದು ನಿಜ, ಆದರೆ ಅದು ಅರ್ಧ ಚಿತ್ರ. ಲೇರಿಯನ್ ಕಿವಿಗೊಡದೆ ಬಿಟ್ಟ ಮಾತುಗಳನ್ನೂ ನೋಡಬೇಕು.

1998 ಮತ್ತು 2000ದಲ್ಲಿ ಬಯೋವೇರ್ ಮಾಡಿದ ಮೊದಲ ಎರಡು ಬಾಲ್ಡರ್ಸ್ ಗೇಟ್‌ಗಳಲ್ಲಿ ಕಾಳಗ ನಿಲ್ಲದೆ ಓಡುತ್ತಿತ್ತು; ಆಟಗಾರ ಬೇಕಾದಾಗ ತಡೆದು ಅಪ್ಪಣೆ ಕೊಡುತ್ತಿದ್ದ. ಮೂರನೆಯದು ಸರದಿಯ ಕಾಳಗವಾಗಲಿದೆ ಎಂದು ತಿಳಿದಾಗ ಹಳೆಯ ಅಭಿಮಾನಿಗಳು ಬಹಳ ನೊಂದುಕೊಂಡರು. ನಾನೂ ಅವರಲ್ಲೊಬ್ಬಳು, ಇಪ್ಪತ್ತು ವರ್ಷ ಕಾದಿದ್ದು ಇದಕ್ಕೇ ಎಂದು ಉದ್ದದ ಪತ್ರ ಬರೆದಿದ್ದೆ. ಲೇರಿಯನ್ ಆ ನಿರ್ಧಾರದಿಂದ ಕದಲಲಿಲ್ಲ, ಅದನ್ನು ಮತಕ್ಕೂ ಹಾಕಲಿಲ್ಲ. ನಮಗೆ ಬರುವ ವಿದ್ಯೆ ಇದು, ಈ ನಿಯಮಗಳ ಮೂಲವೂ ಸರದಿಯ ಆಟವೇ ಎಂಬುದನ್ನು ಆರಂಭದಲ್ಲೇ ತಿಳಿಯಪಡಿಸಿತು. ನನಗೆ ಆಗ ಬೇಸರವಾಗಿದ್ದು ನಿಜ, ಆದರೆ ನನ್ನ ಸಮಯ ವ್ಯರ್ಥ ಚರ್ಚೆಯಲ್ಲಿ ಕಳೆಯಲಿಲ್ಲ ಎಂಬ ಉಪಕಾರವನ್ನು ಈಗ ನೆನೆಯುತ್ತೇನೆ. ಚರ್ಚೆಗೆ ತೆರೆದಿಲ್ಲದ ವಿಷಯವನ್ನು ತೆರೆದಿದೆಯೆಂಬಂತೆ ತೋರಿಸಿ, ಜನರ ಅಭಿಪ್ರಾಯ ಕೇಳಿ, ಕೊನೆಗೆ ಮೊದಲು ಅಂದುಕೊಂಡದ್ದನ್ನೇ ಮಾಡುವುದಿದೆಯಲ್ಲ, ಅದು ಅಭಿಮಾನಿಗಳಿಗೆ ಮಾಡುವ ಅವಮಾನ.

ಇನ್ನೊಂದು ಮಾತು. ಬರೆಯುವವರೆಲ್ಲ ಆಡುವವರಲ್ಲ, ಆಡುವವರೆಲ್ಲ ಬರೆಯುವವರಲ್ಲ. ಅರ್ಲಿ ಆಕ್ಸೆಸ್ ಆರಂಭವಾದ ಕೆಲವೇ ದಿನಗಳಲ್ಲಿ ಲೇರಿಯನ್ ಪ್ರಕಟಿಸಿದ ಒಂದು ವರದಿ ನೆನಪಿದೆ. ಕೊಂಬು, ಬಾಲ, ಬೆಂಕಿಯಂಥ ಕಣ್ಣು ಎಲ್ಲವನ್ನೂ ಕೊಟ್ಟಿದ್ದರೂ ಆಟಗಾರರು ಅತಿ ಹೆಚ್ಚಾಗಿ ಆರಿಸಿಕೊಂಡ ಮುಖಲಕ್ಷಣಗಳನ್ನೆಲ್ಲ ಒಟ್ಟುಗೂಡಿಸಿದರೆ ತೀರಾ ಸಾಧಾರಣ ಮನುಷ್ಯನೊಬ್ಬ ಎದ್ದು ನಿಂತನೆಂದು ಅವರು ಪ್ರೀತಿಯಿಂದಲೇ ದೂರಿದ್ದರು. ವೇದಿಕೆಗಳನ್ನಷ್ಟೇ ಓದಿದ್ದರೆ ಎಲ್ಲರಿಗೂ ವಿಚಿತ್ರ ಜನಾಂಗಗಳೇ ಬೇಕು ಎಂದು ಯಾರಾದರೂ ನಂಬುತ್ತಿದ್ದರು. ಮಾತಿನಿಂದ ಒಂದು ತಿಳಿಯುತ್ತದೆ, ಆಡಿದ ರೀತಿಯಿಂದ ಇನ್ನೊಂದು ತಿಳಿಯುತ್ತದೆ. ಎರಡನ್ನೂ ಎದುರುಬದುರು ಇಟ್ಟು ನೋಡುವ ವ್ಯವಧಾನ ನಿಮ್ಮ ತಂಡಕ್ಕಿರಬೇಕು. ಹಾಗೆಂದು ಬರೆಯುವವರ ಮಾತು ಹಗುರವೂ ಅಲ್ಲ. ಹಾಲ್ಸಿನ್ ಎಂಬ ಪಾತ್ರ ಮೊದಲು ಜೊತೆಗಾರನಾಗಿರಲಿಲ್ಲ. ಅಭಿಮಾನಿಗಳು ಅವನನ್ನು ಬಿಟ್ಟುಕೊಡದೆ ಕೇಳಿದ್ದರಿಂದ ಪೂರ್ಣ ಆಟದಲ್ಲಿ ನಮ್ಮ ಜೊತೆ ನಡೆದ.

ಹಳೇ_ಬ್ಯಾಕರ್:

ಹಣ ಕೊಟ್ಟವರ ಕಡೆಯಿಂದ ಎರಡು ಮಾತು.

2012ರಲ್ಲಿ ಅಬ್ಸಿಡಿಯನ್ ಸಂಸ್ಥೆ ಪಿಲ್ಲರ್ಸ್ ಆಫ್ ಎಟರ್ನಿಟಿ ಗೇಮ್‌ಗಾಗಿ ಕಿಕ್‌ಸ್ಟಾರ್ಟರ್‌ನಲ್ಲಿ 11 ಲಕ್ಷ ಡಾಲರ್ ಕೇಳಿ ಸುಮಾರು 40 ಲಕ್ಷ ಡಾಲರ್ ಪಡೆಯಿತು. ಅಭಿಮಾನಿಗಳ ಜೊತೆಗಿನ ಒಡನಾಟದಲ್ಲಿ ಅವರು ಮಾಡಿದ ಎರಡು ಏರ್ಪಾಡುಗಳನ್ನು ನೀವು ಗಮನಿಸಬೇಕು. ಒಂದು, ಹಣ ಕೊಟ್ಟವರ ಸಂಖ್ಯೆ ಹೆಚ್ಚಿದಂತೆಲ್ಲ ನೆಲದಡಿಯ ದೊಡ್ಡ ಗುಹೆಗೆ ಒಂದೊಂದು ಅಂತಸ್ತು ಸೇರುತ್ತಾ ಹೋಗಿ ಅದು 15 ಅಂತಸ್ತಿಗೆ ನಿಂತಿತು. ಕಥೆಗೆ ಎಷ್ಟು ಬೇಕೋ ಅಷ್ಟಲ್ಲ, ಜನ ಎಷ್ಟು ಸೇರಿದರೋ ಅಷ್ಟು ಆಳ. ಎರಡು, ಹೆಚ್ಚು ಹಣ ಕೊಟ್ಟವರು ತಮ್ಮದೇ ಪಾತ್ರವೊಂದನ್ನು ಬರೆದು ಆಟದೊಳಗೆ ನಿಲ್ಲಿಸಬಹುದಿತ್ತು. ಆ ಪಾತ್ರಗಳ ಹೆಸರು ಬಂಗಾರದ ಬಣ್ಣದಲ್ಲಿ ಕಾಣುತ್ತಿತ್ತು. ಊರೊಂದಕ್ಕೆ ಕಾಲಿಟ್ಟರೆ ಬೀದಿಯ ತುಂಬ ಬಂಗಾರದ ಹೆಸರುಗಳು. ಒಬ್ಬೊಬ್ಬರನ್ನು ಮುಟ್ಟಿದರೂ ಮುಖ್ಯ ಕಥೆಗೆ ಸಂಬಂಧವೇ ಇಲ್ಲದ ಯಾರದೋ ವೃತ್ತಾಂತ. ಹೊಸದಾಗಿ ಆಡಲು ಕೂತವರಿಗೆ ನಾವು ಹಳಬರು ಕೊಡುತ್ತಿದ್ದ ಮೊದಲ ಸಲಹೆಯೇ "ಬಂಗಾರದ ಹೆಸರಿನವರನ್ನು ಮಾತಾಡಿಸಬೇಡಿ" ಎಂದಾಗಿತ್ತು. ಆಟ ಬಹಳ ಒಳ್ಳೆಯದು, ನನಗೆ ಇಂದಿಗೂ ಪ್ರಿಯವಾದದ್ದು, ಆದರೆ ಈ ಮಾತನ್ನು ಮುಚ್ಚಿಡಲಾರೆ. ಆಟದೊಳಗಿನ ಸ್ಮಾರಕ ಕಲ್ಲುಗಳ ಮೇಲೆ ಅಭಿಮಾನಿಗಳು ಬರೆದ ಸಾಲುಗಳಲ್ಲಿ ಒಂದು ಪದ್ಯ ಕೆಲವರ ಮನಸ್ಸನ್ನು ನೋಯಿಸಿ, 2015ರಲ್ಲಿ ಬಿಡುಗಡೆಯಾದ ಮೇಲೆ ಅದನ್ನು ಬದಲಾಯಿಸಬೇಕಾಯಿತು.

ಇನ್‌ಎಕ್ಸೈಲ್ ಸಂಸ್ಥೆಯ ಟಾರ್ಮೆಂಟ್: ಟೈಡ್ಸ್ ಆಫ್ ನ್ಯುಮೆನೆರಾ ಇನ್ನೊಂದು ಪಾಠ. 2013ರಲ್ಲಿ 40 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹವಾದಾಗ ಹಣ ಇಷ್ಟಕ್ಕೆ ಏರಿದರೆ ಆಟಕ್ಕೆ ಇದನ್ನು ಸೇರಿಸುತ್ತೇವೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಮಾತು ಕೊಟ್ಟಿದ್ದರು. 2017ರಲ್ಲಿ ಆಟ ಹೊರಬರುವ ಹೊತ್ತಿಗೆ ಜೊತೆಗಾರರ ಸಂಖ್ಯೆ ಇಳಿದಿತ್ತು, ಇಟಾಲಿಯನ್ ಅನುವಾದ ಕೈಬಿಟ್ಟುಹೋಗಿತ್ತು. ಆಟ ಕಟ್ಟುವಾಗ ಕೆಲವನ್ನು ಕೈಬಿಡುವುದು ಸಹಜ. ಕೈಬಿಟ್ಟದ್ದನ್ನು ಆ ದಿನವೇ ಹೇಳದೆ ಬಿಡುಗಡೆಯ ಹೊಸ್ತಿಲಿಗೆ ತಂದದ್ದು ಜನರನ್ನು ನೋಯಿಸಿತು, ಸಂಸ್ಥೆ ಕ್ಷಮೆ ಕೇಳಬೇಕಾಯಿತು.

ನನ್ನ ಸ್ವಂತದ್ದೂ ಒಂದಿದೆ. ಹೆಸರು ಹೇಳುವುದಿಲ್ಲ. ವಿದೇಶದ ಸಣ್ಣ ತಂಡವೊಂದಕ್ಕೆ ನನ್ನ ಮೊದಲ ಕೆಲಸದ ಸಂಬಳದಲ್ಲಿ ಒಂದು ಪಾಲು ಕಳಿಸಿದ್ದೆ. ಮೊದಲ ಆರು ತಿಂಗಳು ವಾರಕ್ಕೊಂದು ಪತ್ರ, ಚಿತ್ರ, ಸಂಗೀತದ ತುಣುಕು ಬರುತ್ತಿದ್ದವು. ಆಮೇಲೆ ತಿಂಗಳಿಗೊಂದು, ಆಮೇಲೆ ಇಲ್ಲ. ಹನ್ನೊಂದು ತಿಂಗಳ ಮೌನದ ಬಳಿಕ ನಾಲ್ಕು ಸಾಲಿನ ಒಂದು ಟಿಪ್ಪಣಿ ಬಂತು: ಕೆಲಸ ನಿಂತಿದೆ. ಹಣ ಹೋದದ್ದನ್ನು ಮರೆತೆ, ಆದರೆ ಆ ಹನ್ನೊಂದು ತಿಂಗಳು ಪ್ರತಿ ಭಾನುವಾರ ಪುಟ ತೆರೆದು ನೋಡುತ್ತಿದ್ದುದನ್ನು ಮರೆಯಲು ಆಗಿಲ್ಲ. ಪಗಡೆಹಾಸು ಅವರೇ, ವಾರಕ್ಕೊಮ್ಮೆ ಬರೆಯುತ್ತೇವೆಂದು ಹೇಳಬೇಡಿ. ತಿಂಗಳಿಗೊಮ್ಮೆ ಎಂದು ಹೇಳಿ, ಹೇಳಲು ಏನೂ ಇಲ್ಲದ ತಿಂಗಳಲ್ಲೂ ಏನೂ ಇಲ್ಲ ಎಂದೇ ಬರೆಯಿರಿ.

ರಾತ್ರಿಪಾಳಿ:

ಒಡನಾಟ ಹೆಚ್ಚಿದ್ದೂ ಕೆಟ್ಟುಹೋದ ಉದಾಹರಣೆ ಸೈಬರ್‌ಪಂಕ್ 2077 ಎಂಬ ಗೇಮ್. ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2020ರಲ್ಲಿ ಅಭಿಮಾನಿಗಳಿಗಾಗಿಯೇ 'ನೈಟ್ ಸಿಟಿ ವೈರ್' ಎಂಬ ಸರಣಿಯನ್ನು ಕಂತುಕಂತಾಗಿ ಪ್ರಸಾರ ಮಾಡಿತು. ಬಿಡುಗಡೆ ಏಪ್ರಿಲ್ 16ರಿಂದ ಸೆಪ್ಟೆಂಬರ್ 17ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ, ಅಲ್ಲಿಂದ ಡಿಸೆಂಬರ್ 10ಕ್ಕೆ ಹೋಯಿತು. ವಿಮರ್ಶಕರಿಗೆ ಮುಂಗಡವಾಗಿ ಸಿಕ್ಕಿದ್ದು ಪಿಸಿ ಆವೃತ್ತಿ. ಹಳೆಯ ಕನ್ಸೋಲ್‌ಗಳಲ್ಲಿ (ಟಿವಿಗೆ ಜೋಡಿಸುವ ಆಟದ ಯಂತ್ರಗಳಲ್ಲಿ) ಆಟ ಯಾವ ಸ್ಥಿತಿಯಲ್ಲಿದೆ ಎಂಬುದು ಹಣ ಕೊಟ್ಟವರಿಗೆ ಮನೆಯಲ್ಲಿ ಕೂತು ಆಡಿದಾಗಲೇ ತಿಳಿದದ್ದು. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಆಟವನ್ನು ತೆಗೆದುಹಾಕಿ ಹಣ ಹಿಂದಿರುಗಿಸಲು ಮುಂದಾಯಿತು. ಅದು ಮರಳಿದ್ದು 2021ರ ಜೂನ್‌ನಲ್ಲಿ. ವರ್ಷವಿಡೀ ಮಾತು ಒಂದೇ ದಿಕ್ಕಿನಲ್ಲಿ ಹರಿದಿತ್ತು. ಯಾರ ಬಳಿ ಹಳೆಯ ಯಂತ್ರವಿದೆಯೋ ಅಂಥ ಒಬ್ಬ ಆಟಗಾರನ ಕೈಗೆ ಒಂದು ಗಂಟೆಯ ಆಟವನ್ನು ಕೊಟ್ಟಿದ್ದರೆ ತಿಳಿಯುತ್ತಿದ್ದ ಸಂಗತಿ ಅದು.

ಲೇರಿಯನ್ ಮಾದರಿಗೂ ಒಂದು ಕೊರತೆಯಿದೆ, ಅದನ್ನು ಇಲ್ಲಿ ಇನ್ನೂ ಯಾರೂ ಹೇಳಿಲ್ಲ. ತೋರಿಸಿದ ಭಾಗ ಮಾತ್ರ ಪಕ್ವವಾಗುತ್ತದೆ. ಡಿವಿನಿಟಿ: ಒರಿಜಿನಲ್ ಸಿನ್ 2ರಲ್ಲಿ ಜನ ವರ್ಷಪೂರ್ತಿ ತಿಕ್ಕಿ ತೀಡಿದ್ದು ಮೊದಲ ಅಂಕವನ್ನು. ಕೊನೆಯ ನಗರದ ಭಾಗ 2017ರ ಬಿಡುಗಡೆಯಲ್ಲಿ ಸೊರಗಿತ್ತು, 2018ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ಬಹಳಷ್ಟು ತಿದ್ದಿ ಬರೆಯಬೇಕಾಯಿತು. ಬಾಲ್ಡರ್ಸ್ ಗೇಟ್ 3ರಲ್ಲೂ ಅದೇ ಆಯಿತು: ಮೊದಲ ಅಂಕದಲ್ಲಿ ಕೈ ಇಟ್ಟಲ್ಲೆಲ್ಲ ಏನೋ ಒಂದು ಅಚ್ಚರಿ, ಮೂರನೆಯ ಅಂಕದ ನಗರದಲ್ಲಿ ಗಣಕ ತಿಣುಕುತ್ತಿತ್ತು, ದೋಷಗಳೂ ಅಲ್ಲೇ ಹೆಚ್ಚು. ಕಥೆಯ ಗುಟ್ಟು ಉಳಿಸಲು ಕೊನೆಯನ್ನು ಮುಚ್ಚಿಡಲೇಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಮುಚ್ಚಿಟ್ಟ ಭಾಗಕ್ಕೆ ಗುಟ್ಟು ಕಾಯುವ ಹತ್ತು ಜನ ಬೇರೆಯೇ ಬೇಕು.

ಚುಕ್ಕಿಚಂದ್ರ:

ನಾನು ಬೆಂಗಳೂರಿನ ಒಂದು ಗೇಮ್ ಕಂಪನಿಯಲ್ಲಿ ಆಟಗಾರರ ದೂರುಗಳನ್ನು ಓದುವ ಕೆಲಸದಲ್ಲಿ ಆರು ವರ್ಷದಿಂದ ಇದ್ದೇನೆ. ಮೇಲಿನವರು ಹೇಳಿದ್ದಕ್ಕೆ ನನ್ನ ಸೇರ್ಪಡೆ ಕಡಿಮೆ.

ನಾಲ್ಕು ಜನರ ತಂಡ ಅರ್ಲಿ ಆಕ್ಸೆಸ್‌ಗೆ ಕೈ ಹಾಕುವುದು ಬೇಡ ಎಂದೇ ನನ್ನ ಅಭಿಪ್ರಾಯ. ಬರೆದವರಿಗೆಲ್ಲ ಉತ್ತರ ಕೊಡುವುದೇ ಒಬ್ಬರ ಪೂರ್ಣಾವಧಿಯ ಕೆಲಸವಾಗುತ್ತದೆ. ಮೊದಲು ಮೂವತ್ತು ಜನರ ಒಂದು ಗುಂಪು ಮಾಡಿಕೊಳ್ಳಿ, ಆಮೇಲೆ ಸಾರ್ವಜನಿಕ ಡೆಮೊ, ಅಂದರೆ ಎಲ್ಲರೂ ಆಡಿ ನೋಡಬಹುದಾದ ತುಣುಕು. ಗೇಮ್ ಮಾರುವ ಸ್ಟೀಮ್ ಜಾಲತಾಣದ ಡೆಮೊ ಮೇಳವಾದ ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಬಾರಿ ನಡೆಯುತ್ತದೆ, ಆದರೆ ಒಂದು ಗೇಮ್ ಒಂದೇ ಸಲ ಭಾಗವಹಿಸಬಹುದು. ಆ ಒಂದು ಅವಕಾಶವನ್ನು ಅರೆಬೆಂದ ಡೆಮೊಗೆ ಖರ್ಚು ಮಾಡಬೇಡಿ. ಬಿಡುಗಡೆಗೆ ಹತ್ತಿರದ ಮೇಳಕ್ಕೆ ಇಟ್ಟುಕೊಳ್ಳಿ.

ಆ ಮೂವತ್ತು ಜನರನ್ನು ಆರಿಸುವಾಗ ಬೆಂಗಳೂರಿನ ಗೆಳೆಯರನ್ನೇ ತುಂಬಿಕೊಳ್ಳಬೇಡಿ. ಆಟ ಕನ್ನಡದಲ್ಲಿದೆ ಎಂದಿರಿ. ಇಂಗ್ಲಿಷಿನ ಒಂದು 'ಯೂ' ಇರುವ ಕಡೆ ನೀವು ನೀನು, ನೀವು, ತಾವು ಇವುಗಳಲ್ಲಿ ಒಂದನ್ನು ಆರಿಸಲೇಬೇಕು, ಆ ಆಯ್ಕೆಯೇ ಪಾತ್ರದ ಸ್ವಭಾವವನ್ನು ಹೇಳಿಬಿಡುತ್ತದೆ. ಆಟಗಾರ ಸೌಮ್ಯವಾದ ಉತ್ತರವನ್ನು ಒತ್ತಿದ್ದೇನೆ ಅಂದುಕೊಂಡಿರುತ್ತಾನೆ, ಸರ್ವನಾಮ ಒರಟಾಗಿರುತ್ತದೆ. ಸಂಭಾಷಣೆಗಳನ್ನು ಬೇರೆ ಬೇರೆ ಜಿಲ್ಲೆಯವರಿಂದ ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ, ನಡುವೆ ವಿವರಣೆ ಕೊಡಲು ಹೋಗಬೇಡಿ. ಇದೆಲ್ಲವೂ ಧ್ವನಿಮುದ್ರಣಕ್ಕೆ ಮುಂಚೆ ಆಗಬೇಕು. ಸ್ಟುಡಿಯೊದಲ್ಲಿ ಕಲಾವಿದರು ಹೇಳಿ ಮುಗಿಸಿದ ಸಾಲನ್ನು ಸಣ್ಣ ತಂಡ ಮತ್ತೆ ಹೇಳಿಸುವುದಿಲ್ಲ, ಹೇಳಿಸಲು ಹಣವೂ ಉಳಿದಿರುವುದಿಲ್ಲ.

ಪಗಡೆಹಾಸು:

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ಕಳೆದು ಬರೆಯುತ್ತಿದ್ದೇನೆ, ಏಕೆಂದರೆ ಚುಕ್ಕಿಚಂದ್ರ ಅವರ ಸಲಹೆಯನ್ನು ಮಾಡಿ ನೋಡಿಯೇ ಉತ್ತರಿಸಬೇಕೆಂದು ನಿಶ್ಚಯಿಸಿದ್ದೆವು. ತೋರಿಸುವುದೇ ಬೇಡ ಎನ್ನುತ್ತಿದ್ದ ಇಬ್ಬರು ಗೆಳೆಯರೂ ಈ ಚರ್ಚೆಯನ್ನು ಓದಿ ಒಂದು ಪ್ರಯೋಗಕ್ಕೆ ಒಪ್ಪಿದರು. ಹುಬ್ಬಳ್ಳಿ, ಮಂಡ್ಯ, ಕೋಲಾರ, ಶಿವಮೊಗ್ಗ, ಕುಂದಾಪುರ ಕಡೆಯ ಹನ್ನೆರಡು ಜನ ಮೊದಲ ಊರಿನ ಸಂಭಾಷಣೆಗಳನ್ನು ವಿಡಿಯೊ ಕರೆಯಲ್ಲಿ ಓದಿದರು, ಆಮೇಲೆ ಆಡಿದರು.

ಕೆರೆಯ ಏರಿ ಒಡೆದದ್ದನ್ನು ನೋಡಿದ ಮುದುಕಿಯೊಬ್ಬಳನ್ನು ಆಟಗಾರ ಪ್ರಶ್ನಿಸುವ ಒಂದು ದೃಶ್ಯವಿದೆ. ನಾವು ಬರೆದದ್ದು: "ನೀವು ಆ ರಾತ್ರಿ ಏನನ್ನು ನೋಡಿದಿರಿ?" ಹುಬ್ಬಳ್ಳಿಯವರು ಓದುತ್ತಾ ನಿಂತುಬಿಟ್ಟರು. "ಇದು ಪೊಲೀಸರು ಕೇಳಿದಂಗ ಐತ್ರಿ. ನಮ್ಮ ಕಡೆ 'ಯವ್ವಾ, ನೀ ಏನ್ ನೋಡಿದಿ?' ಅಂತೀವಿ" ಎಂದರು. ಮಂಡ್ಯದವರು ಅಜ್ಜಿಗೆ 'ನೀನು' ಎಂದರೆ ತಮ್ಮ ಊರಲ್ಲಿ ಒರಟಾಗುತ್ತದೆ ಎಂದರು. ಇಬ್ಬರೂ ಸರಿ. ನಾವು ಗಮನಿಸದೆ ಬಿಟ್ಟಿದ್ದದ್ದು ಮೊದಲ ಸಂಬೋಧನೆಯನ್ನು. 'ಯವ್ವಾ' ಎಂಬುದು ಬಂದಕೂಡಲೇ 'ನೀ' ಎನ್ನುವುದು ಆತ್ಮೀಯವಾಗುತ್ತದೆ. ಈಗ ಕಥೆ ನಡೆಯುವ ಸೀಮೆ ಯಾವುದೆಂದು ನಿರ್ಧರಿಸದೆ ಮುಂದೆ ಹೋಗುವಂತಿಲ್ಲ ಎಂಬುದು ನಮಗೇ ಮನವರಿಕೆಯಾಗಿದೆ. ಕಥೆಯನ್ನು ಕೋಲಾರದ ಬಯಲಿನ ಕೆರೆಗಳ ಕಡೆಗೆ ಗಟ್ಟಿಮಾಡಿದ್ದೇವೆ, ಭಾಷೆಯನ್ನು ಅದಕ್ಕೆ ತಕ್ಕಂತೆ ತಿದ್ದುತ್ತಿದ್ದೇವೆ.

ಎರಡನೆಯದು, ಕೆರೆಯ ನೀರು ಬಿಡುವ ತೂಬನ್ನು ಕಾಯುವ ಪಾತ್ರಕ್ಕೆ ನಾವು 'ಜಲಪಾಲಕ' ಎಂದು ಹೆಸರಿಟ್ಟಿದ್ದೆವು. ಹನ್ನೆರಡರಲ್ಲಿ ನಾಲ್ವರು ಅದು ಯಾವುದೋ ದೇವತೆ ಎಂದುಕೊಂಡು ಅವನ ಮುಂದೆ ಕೈಮುಗಿಯುವ ಆಯ್ಕೆಗಾಗಿ ಹುಡುಕಿದರಂತೆ. ಈ ಕೆಲಸ ಮಾಡುವವನಿಗೆ ಊರುಗಳಲ್ಲಿರುವ ನೀರುಗಂಟಿ ಎಂಬ ಪದ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ತುಂಗಾತೀರ ಅವರು ಹೇಳಿದಂತೆ ಚರ್ಚೆಗೆ ತೆರೆದದ್ದು, ತೆರೆಯದ್ದು ಎರಡನ್ನೂ ಬರೆದಿಡುತ್ತೇನೆ. ಸರದಿಯ ಕಾಳಗ ಹಾಗೇ ಇರುತ್ತದೆ. ಕೊನೆಯಲ್ಲಿ ಮೂರು ಊರಿಗೂ ಪೂರ್ತಿ ನೀರು ಸಿಗುವ ದಾರಿ ಇರುವುದಿಲ್ಲ. ಹನ್ನೆರಡರಲ್ಲಿ ಏಳು ಜನ ಅದನ್ನು ಕೇಳಿದರು, ಆದರೆ ಕಥೆ ನಿಂತಿರುವುದೇ ಅದರ ಮೇಲೆ. ಸಂಭಾಷಣೆಯ ಭಾಷೆ, ಕಾಳಗದ ಸಂಖ್ಯೆಗಳು, ಅಕ್ಷರಗಳ ಗಾತ್ರ, ಮೊದಲ ಊರಿನ ಉಪಕಥೆಗಳು ಪೂರ್ತಿ ತೆರೆದಿವೆ. ಪ್ರತಿ ತಿಂಗಳ ಮೊದಲ ಭಾನುವಾರ ಇಲ್ಲೇ ಬರೆಯುತ್ತೇವೆ: ಯಾರು ಏನು ಹೇಳಿದರು, ನಾವು ಏನು ಬದಲಾಯಿಸಿದೆವು, ಏನನ್ನು ಯಾಕೆ ಬಿಟ್ಟೆವು. ಕೊನೆಯ ಊರನ್ನು ಆಡಿ ನೋಡಲು ಗುಟ್ಟು ಕಾಯುವ ಹತ್ತು ಜನ ಬೇಕು, ಅವರಲ್ಲಿ ಮೂವರ ಬಳಿಯಾದರೂ ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪ್ ಇರಬೇಕು. ಡೆಮೊ ಬಿಡುಗಡೆಗೆ ಹತ್ತಿರದ ನೆಕ್ಸ್ಟ್ ಫೆಸ್ಟ್‌ನಲ್ಲಿ ಬರುತ್ತದೆ. ಜನರಿಂದ ಹಣ ಸಂಗ್ರಹಿಸುವ ಯೋಚನೆಯನ್ನು ಕೈಬಿಟ್ಟಿದ್ದೇವೆ.

ಕೆರೆಬಯಲು:

ಆ ಹನ್ನೆರಡರಲ್ಲಿ ಕೋಲಾರದವನು ನಾನು. ಕರೆಯಲ್ಲಿ ಹೇಳಲು ಮರೆತದ್ದೊಂದಿದೆ. ನಿಮ್ಮ ಚಿತ್ರದಲ್ಲಿ ನೀರುಗಂಟಿ ಕಬ್ಬಿಣದ ಚಕ್ರ ತಿರುಗಿಸಿ ತೂಬು ತೆರೆಯುತ್ತಾನೆ. ಕಥೆ ಇನ್ನೂರು ವರ್ಷ ಹಿಂದಿನದೆಂದಾದರೆ ಅಲ್ಲಿ ಚಕ್ರ ಇರುವುದಿಲ್ಲ. ನೀರಿನೊಳಗಿಂದ ಎದ್ದು ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡಗಲ್ಲು, ಆ ತೂತಿನಲ್ಲಿ ಇಳಿಬಿಟ್ಟ ಮರದ ಕಂಬ, ಅದರ ಕೆಳತುದಿಯಲ್ಲಿ ನೀರಿನ ಬಾಯಿ ಮುಚ್ಚುವ ಬಿರಡೆ. ಕಂಬವನ್ನು ಮೇಲೆತ್ತಿದಷ್ಟು ನೀರು. ನಮ್ಮ ಊರಿನ ಕೆರೆಯಲ್ಲಿ ಆ ಕಲ್ಲುಗಳು ಇನ್ನೂ ನಿಂತಿವೆ, ಈ ಬೇಸಗೆಯಲ್ಲಿ ನೀರು ಇಳಿದಿರುವುದರಿಂದ ಬುಡದವರೆಗೂ ಕಾಣುತ್ತಿವೆ. ಈ ಶನಿವಾರ ಹೋಗಿ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಕಳಿಸುತ್ತೇನೆ. ಅಳತೆಗೆ ಪಕ್ಕದಲ್ಲಿ ನನ್ನ ತಮ್ಮನನ್ನು ನಿಲ್ಲಿಸುತ್ತೇನೆ.